ಒಂದು ವಂಶವಾಹಿ ಸಾಲದು

ಒಂದೇ ತಾಯಿಯ ಮೂವರು ಮಕ್ಕಳಿಗೂ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಒಂದೇ ವಂಶವಾಹಿ ದೋಷ ಬಂದಿದೆ ಎಂದಿಟ್ಟುಕೊಳ್ಳೋಣ. ಮಗಳಿಗೆ ಹೆರಿಗೆಯಾಗಿ ಮೂರನೇ ವಾರದಲ್ಲಿ ಎಡಗಾಲು ಊದಿಕೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ಹಿರಿಯ ಮಗನಿಗೆ ಅರವತ್ತು ದಾಟುವವರೆಗೂ ಏನೂ ಇಲ್ಲ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಾಗ ಹೆಪ್ಪು ಕಾಣಿಸಿಕೊಳ್ಳುತ್ತದೆ. ಕಿರಿಯವನು ಎಂಬತ್ತೈದರವರೆಗೆ ಬದುಕಿ, ಹೆಪ್ಪಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ತೀರಿಕೊಳ್ಳುತ್ತಾನೆ. ಇಂಥ ಕುಟುಂಬಗಳು ಅಪರೂಪವಲ್ಲ, ಈ ಮೂರು ಬಗೆಯ ಬದುಕಿನಲ್ಲಿ ಮೂರನೆಯದೇ ಹೆಚ್ಚು ಸಾಮಾನ್ಯ. ವಂಶಪಾರಂಪರ್ಯ ಕಾಯಿಲೆ ಎಂದರೆ ಹಿಮೋಫಿಲಿಯಾದಂಥದ್ದನ್ನು ನೆನೆದು, ದೋಷ ಇದ್ದರೆ ರೋಗ, ಇಲ್ಲದಿದ್ದರೆ ಆರೋಗ್ಯ ಎಂದು ತೀರ್ಮಾನಿಸುವವರಿಗೆ ಈ ಮೂವರ ಕಥೆ ಒಗಟಾಗಿ ಕಾಣುತ್ತದೆ. ಒಗಟು ಬಿಡಿಸುವುದು ಕಷ್ಟವಲ್ಲ. ಹೆಪ್ಪಿನ ವಿಷಯದಲ್ಲಿ ವಂಶದಿಂದ ಬರುವುದು ಒಂದು ಗುಣಕ. ಅದು ಏನನ್ನು ಗುಣಿಸುತ್ತದೆ ಎಂಬುದನ್ನು ವಯಸ್ಸು, ಹೆರಿಗೆ, ಶಸ್ತ್ರಚಿಕಿತ್ಸೆ, ಮಾತ್ರೆ, ಹಾಸಿಗೆ ಹಿಡಿದ ದಿನಗಳು ನಿರ್ಧರಿಸುತ್ತವೆ. ಈ ಮಾತನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ: ಬಹುಪಾಲು ಜನರಿಗೆ, ಅದರಲ್ಲೂ ಭಾರತೀಯರಿಗೆ, ಪ್ರಯೋಗಾಲಯದಿಂದ ಬರುವ ವಂಶವಾಹಿ ವರದಿಗಿಂತ ಕುಟುಂಬದ ಕಾಯಿಲೆಗಳ ಚರಿತ್ರೆಯೇ ಹೆಚ್ಚು ಉಪಯುಕ್ತ.

ಮೊದಲು ಯಂತ್ರ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಗಾಯವಾದಾಗ ರಕ್ತ ನಿಲ್ಲಬೇಕು, ಆದರೆ ಗಾಯವಿಲ್ಲದ ಕಡೆ ಅದು ಹರಿಯುತ್ತಲೇ ಇರಬೇಕು. ಈ ಎರಡು ವಿರುದ್ಧ ಬೇಡಿಕೆಗಳನ್ನು ದೇಹ ಥ್ರಾಂಬಿನ್ ಎಂಬ ಒಂದೇ ಕಿಣ್ವದ ಮೂಲಕ ಪೂರೈಸುತ್ತದೆ. ಥ್ರಾಂಬಿನ್ ಫೈಬ್ರಿನ್ ಎಳೆಗಳನ್ನು ಹುಟ್ಟಿಸಿ ಹೆಪ್ಪು ಕಟ್ಟಿಸುತ್ತದೆ. ಅದೇ ಥ್ರಾಂಬಿನ್ ಆರೋಗ್ಯವಂತ ರಕ್ತನಾಳದ ಒಳಗೋಡೆಯನ್ನು ಮುಟ್ಟಿದಾಗ ಪ್ರೋಟೀನ್ ಸಿ ಎಂಬುದನ್ನು ಎಬ್ಬಿಸುತ್ತದೆ. ಎದ್ದ ಪ್ರೋಟೀನ್ ಸಿ, ಪ್ರೋಟೀನ್ ಎಸ್‌ನ ನೆರವಿನಿಂದ, ಹೆಪ್ಪಿಗೆ ವೇಗ ಕೊಡುವ ಫ್ಯಾಕ್ಟರ್ 5 ಮತ್ತು ಫ್ಯಾಕ್ಟರ್ 8ನ್ನು ಕತ್ತರಿಸಿ ಹಾಕುತ್ತದೆ. ಆಂಟಿಥ್ರಾಂಬಿನ್ ಎಂಬ ಇನ್ನೊಂದು ಪ್ರೋಟೀನ್ ನೇರವಾಗಿ ಥ್ರಾಂಬಿನ್ನನ್ನೇ ಹಿಡಿದುಹಾಕುತ್ತದೆ. ಇವು ಮೂರೂ ರಕ್ತದ ಬ್ರೇಕುಗಳು. ವಂಶದಿಂದ ಬರುವ ದೋಷಗಳಲ್ಲಿ ಹೆಚ್ಚಿನವು ಇರುವುದು ಬ್ರೇಕಿನಲ್ಲಿಯೇ, ಇಲ್ಲವೇ ಬ್ರೇಕು ಹಿಡಿಯಬೇಕಾದ ಜಾಗದಲ್ಲಿ. ತೊಂದರೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ರಕ್ತ ನಿಧಾನವಾಗಿ ಹರಿಯುವ ಅಭಿಧಮನಿಗಳಲ್ಲಿ, ಅದರಲ್ಲೂ ಕಾಲಿನ ಆಳದ ನಾಳಗಳ ಕವಾಟಗಳ ಹಿಂದೆ. ಅಲ್ಲಿ ಕಟ್ಟಿದ ಹೆಪ್ಪಿನ ತುಂಡು ಕಳಚಿಕೊಂಡು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ವರ್ಷಕ್ಕೆ ಸಾವಿರದಲ್ಲಿ ಒಬ್ಬರಿಗೆ ಇಂಥ ಹೆಪ್ಪಾಗುತ್ತದೆ. ಯುವಕರಲ್ಲಿ ಅದು ಹತ್ತು ಸಾವಿರಕ್ಕೆ ಒಂದರ ಆಸುಪಾಸು, ಇಳಿವಯಸ್ಸಿನಲ್ಲಿ ನೂರಕ್ಕೆ ಒಂದರ ಹತ್ತಿರ. ವಯಸ್ಸೇ ಎಲ್ಲಕ್ಕಿಂತ ದೊಡ್ಡ ಗುಣಕ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ವಿಜ್ಞಾನಿಗಳು ಈ ವಂಶದ ಎಳೆಯನ್ನು ಹಿಡಿದದ್ದು ಕುಟುಂಬಗಳ ಮೂಲಕವೇ. 1965ರಲ್ಲಿ ನಾರ್ವೆಯ ಓಲಾವ್ ಎಗೆಬರ್ಗ್, ಹಲವರಿಗೆ ಹೆಪ್ಪಾಗಿದ್ದ ಒಂದು ಮನೆತನವನ್ನು ಪರೀಕ್ಷಿಸಿ, ಅವರಲ್ಲಿ ಆಂಟಿಥ್ರಾಂಬಿನ್ ಅರ್ಧಕ್ಕೆ ಇಳಿದಿರುವುದನ್ನು ಕಂಡ. 1981ರಲ್ಲಿ ಪ್ರೋಟೀನ್ ಸಿ ಕೊರತೆಯ ಕುಟುಂಬ ಸಿಕ್ಕಿತು, 1984ರಲ್ಲಿ ಪ್ರೋಟೀನ್ ಎಸ್ ಕೊರತೆಯದು. ಆದರೆ ಈ ಮೂರನ್ನೂ ಕೂಡಿಸಿದರೂ ಹೆಪ್ಪಾದ ರೋಗಿಗಳಲ್ಲಿ ಸಣ್ಣ ಪಾಲಿಗೆ ಮಾತ್ರ ವಿವರಣೆ ದೊರೆಯುತ್ತಿತ್ತು. 1993ರಲ್ಲಿ ಸ್ವೀಡನ್ನಿನ ಮಾಲ್ಮೋದಲ್ಲಿ ಬ್ಯೋರ್ನ್ ದಾಲ್‌ಬೆಕ್ ಮತ್ತು ಸಂಗಡಿಗರು ಮತ್ತೆ ಮತ್ತೆ ಹೆಪ್ಪಾಗುತ್ತಿದ್ದ ಒಬ್ಬ ರೋಗಿಯ ಪ್ಲಾಸ್ಮಾಕ್ಕೆ ಎಚ್ಚೆತ್ತ ಪ್ರೋಟೀನ್ ಸಿಯನ್ನು ಬೆರೆಸಿದರು. ಹೆಪ್ಪುಗಟ್ಟುವುದು ತಡವಾಗಬೇಕಿತ್ತು, ಹೆಚ್ಚು ತಡವಾಗಲಿಲ್ಲ. ಬಂಧುಗಳ ರಕ್ತವೂ ಹೀಗೆಯೇ ವರ್ತಿಸಿತು. ಮರುವರ್ಷ ನೆದರ್‌ಲೆಂಡ್ಸ್‌ನ ಲೈಡನ್ ನಗರದಲ್ಲಿ ರೋಜಿಯರ್ ಬರ್ಟಿನಾ ತಂಡ ಕಾರಣವನ್ನು ಪತ್ತೆ ಮಾಡಿತು. ಫ್ಯಾಕ್ಟರ್ 5ರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಪ್ರೋಟೀನ್ ಸಿ ಕತ್ತರಿಸಬೇಕಾದ 506ನೇ ಸ್ಥಾನದಲ್ಲಿ ಆರ್ಜಿನಿನ್ ಬದಲು ಗ್ಲುಟಮಿನ್ ಬಂದು ಕೂತಿತ್ತು. ಫ್ಯಾಕ್ಟರ್ 5 ಲೈಡನ್ ಎಂದು ಹೆಸರಾದ ಈ ದೋಷ ಯುರೋಪಿಯನ್ ಮೂಲದ ನೂರು ಜನರಲ್ಲಿ ಸುಮಾರು ಐವರಲ್ಲಿದೆ, ಅಲ್ಲಿ ಹೆಪ್ಪಾದ ರೋಗಿಗಳಲ್ಲಿ ಐದರಲ್ಲಿ ಒಬ್ಬರಲ್ಲಿ ಸಿಗುತ್ತದೆ. 1996ರಲ್ಲಿ ಅದೇ ಲೈಡನ್‌ನವರು ಪ್ರೋಥ್ರಾಂಬಿನ್ ವಂಶವಾಹಿಯ ಇನ್ನೊಂದು ದೋಷವನ್ನು ವರದಿ ಮಾಡಿದರು. ಮೂವತ್ತು ವರ್ಷಗಳಲ್ಲಿ ಬಂದ ಈ ಶೋಧಗಳು ಒಂದು ನಿರೀಕ್ಷೆಯನ್ನು ಹುಟ್ಟಿಸಿದವು: ಇನ್ನು ಮುಂದೆ ಒಂದು ರಕ್ತಪರೀಕ್ಷೆಯಿಂದ ಯಾರಿಗೆ ಹೆಪ್ಪಾಗುತ್ತದೆ ಎಂದು ಮೊದಲೇ ಹೇಳಬಹುದು.

ಆ ನಿರೀಕ್ಷೆ ಎಲ್ಲಿ ಎಡವಿತು ಎಂಬುದನ್ನು ತೋರಿಸುವ ಅಂಕಿಗಳು 1994ರಲ್ಲೇ ಲೈಡನ್‌ನಿಂದ ಬಂದಿದ್ದವು. ಹತ್ತು ಸಾವಿರ ಯುವತಿಯರನ್ನು ಒಂದು ವರ್ಷ ಗಮನಿಸಿದರೆ, ದೋಷವೂ ಇಲ್ಲದ, ಗರ್ಭನಿರೋಧಕ ಮಾತ್ರೆಯನ್ನೂ ನುಂಗದ ಗುಂಪಿನಲ್ಲಿ ಹೆಪ್ಪಾಗುವುದು 0.8 ಜನರಿಗೆ, ಅಂದರೆ ಒಬ್ಬಳಿಗೂ ಕಡಿಮೆ. ಮಾತ್ರೆ ಮಾತ್ರ ಇದ್ದರೆ 3.0. ದೋಷ ಮಾತ್ರ ಇದ್ದರೆ 5.7. ಎರಡೂ ಒಟ್ಟಿಗಿದ್ದರೆ 28.5. ಎರಡು ಅಪಾಯಗಳು ತಮ್ಮ ಪಾಡಿಗೆ ಕೂಡಿಕೊಂಡಿದ್ದರೆ ಮೊತ್ತ ಎಂಟನ್ನು ದಾಟುತ್ತಿರಲಿಲ್ಲ. ಮಾತ್ರೆ ಅಪಾಯವನ್ನು ನಾಲ್ಕರಷ್ಟು ಮಾಡಿತು, ದೋಷ ಏಳರಷ್ಟು, ಜೊತೆಯಾದಾಗ ಮೂವತ್ತೈದರಷ್ಟಾಯಿತು. ಇದು ಗುಣಾಕಾರದ ಲೆಕ್ಕ. ಇದರ ಹಿಂದಿನ ಕಾರಣವೂ ಅರ್ಥವಾಗುವಂಥದ್ದೇ. ಮಾತ್ರೆಯಲ್ಲಿನ ಈಸ್ಟ್ರೋಜನ್ ಹೆಪ್ಪುಗಟ್ಟಿಸುವ ಅಂಶಗಳನ್ನು ಏರಿಸಿ ಪ್ರೋಟೀನ್ ಎಸ್‌ನ ಮಟ್ಟವನ್ನು ಇಳಿಸುತ್ತದೆ. ಈಗಾಗಲೇ ಬ್ರೇಕು ಸಡಿಲವಿರುವ ರಕ್ತದಲ್ಲಿ ವೇಗವನ್ನೂ ಹೆಚ್ಚಿಸಿದಂತಾಗುತ್ತದೆ. ಗರ್ಭಧಾರಣೆ, ಬಾಣಂತನ, ದೊಡ್ಡ ಶಸ್ತ್ರಚಿಕಿತ್ಸೆ, ಕಾಲಿಗೆ ಹಾಕಿದ ಪ್ಲಾಸ್ಟರ್, ಕ್ಯಾನ್ಸರ್, ಬೊಜ್ಜು, ಬಸ್ಸು ರೈಲು ವಿಮಾನಗಳಲ್ಲಿ ತಾಸುಗಟ್ಟಲೆ ಅಲುಗಾಡದೆ ಕೂರುವುದು, ಇವೆಲ್ಲವೂ ವಂಶದ ದೋಷದೊಂದಿಗೆ ಸೇರಿದಾಗ ಅಪಾಯ ಹೀಗೆಯೇ ಹಿಗ್ಗುತ್ತದೆ. ಕಥೆಯ ಆರಂಭದ ಮೂವರು ಮಕ್ಕಳಲ್ಲಿ ಕಿರಿಯವನಿಗೆ ಗುಣಕ ಇತ್ತು, ಆದರೆ ಗುಣಿಸಲು ಸಿಕ್ಕಿದ ಸಂಖ್ಯೆ ಚಿಕ್ಕದಾಗಿತ್ತು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಅಪಾಯ ಮೂವತ್ತೈದು ಪಟ್ಟು ಹೆಚ್ಚುವುದಾದರೆ ಮಾತ್ರೆ ಬರೆದುಕೊಡುವ ಮೊದಲು ಪ್ರತಿ ಹೆಣ್ಣುಮಗಳಿಗೂ ಪರೀಕ್ಷೆ ಮಾಡಿಸಬಾರದೇಕೆ? ಮೇಲಿನ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಮಾತ್ರೆ ತೆಗೆದುಕೊಳ್ಳುವ ಹತ್ತು ಸಾವಿರ ಯುರೋಪಿಯನ್ ಯುವತಿಯರಲ್ಲಿ ಐದುನೂರು ಮಂದಿಗೆ ದೋಷವಿರುತ್ತದೆ. ಒಂದು ವರ್ಷದಲ್ಲಿ ಈ ಐದುನೂರರಲ್ಲಿ ಹೆಪ್ಪಾಗುವುದು ಸುಮಾರು 1.4 ಮಂದಿಗೆ. ದೋಷವಿಲ್ಲದ ಉಳಿದ ಒಂಬತ್ತೂವರೆ ಸಾವಿರದಲ್ಲಿ ಸುಮಾರು 2.9 ಮಂದಿಗೆ. ಅಂದರೆ ಹೆಪ್ಪಾದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಪರೀಕ್ಷೆಯಲ್ಲಿ ಪಾಸಾದವರೇ ಆಗಿರುತ್ತಾರೆ! ದೋಷವಿರುವ ಐದುನೂರು ಮಂದಿಗೂ ಮಾತ್ರೆ ತಪ್ಪಿಸಿದರೆ ವರ್ಷಕ್ಕೆ ತಪ್ಪುವುದು ಒಂದೇ ಒಂದು ಹೆಪ್ಪು. ಬದಲಿ ಉಪಾಯವಿಲ್ಲದೆ ಮಾತ್ರೆ ಬಿಟ್ಟವರಲ್ಲಿ ಕೆಲವರು ಬೇಡದ ಬಸಿರು ಹೊರುತ್ತಾರೆ, ಬಸಿರು ಮತ್ತು ಬಾಣಂತನದ ಅಪಾಯ ಮಾತ್ರೆಯದಕ್ಕಿಂತ ಕಡಿಮೆಯೇನಲ್ಲ. ಹೋಲಿಕೆಯ ಅಪಾಯ ದೊಡ್ಡದಾಗಿ ಕಂಡರೂ ನಿಜವಾದ ಅಪಾಯ ಚಿಕ್ಕದಿರಬಹುದು. 28.5 ಎಂಬುದನ್ನು ತಿರುಗಿಸಿ ಓದಿದರೆ, ದೋಷವೂ ಮಾತ್ರೆಯೂ ಇರುವ ಹತ್ತು ಸಾವಿರದಲ್ಲಿ 9,971 ಮಂದಿಗೆ ಆ ವರ್ಷ ಏನೂ ಆಗಲಿಲ್ಲ ಎಂದರ್ಥ.

ಹಾಗಾದರೆ ಈಗಾಗಲೇ ಹೆಪ್ಪಾಗಿರುವವರಿಗಾದರೂ ವಂಶವಾಹಿ ಪರೀಕ್ಷೆ ದಾರಿ ತೋರಿಸಬೇಕಲ್ಲವೆ? ಇದು ಎರಡನೇ ಆಕ್ಷೇಪ, ಮೊದಲಿನದಕ್ಕಿಂತ ಗಟ್ಟಿಯಾದದ್ದು. ಮತ್ತೆ ಹೆಪ್ಪಾಗುವ ಸಂಭವ ದೋಷವಿದ್ದವರಲ್ಲಿ ಹೆಚ್ಚಿದ್ದರೆ ಅವರಿಗೆ ರಕ್ತ ತೆಳುವಾಗಿಸುವ ಔಷಧವನ್ನು ಹೆಚ್ಚು ಕಾಲ ಕೊಡಬೇಕು. ಲೈಡನ್‌ನ ವೈದ್ಯರು 474 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ನಿರೀಕ್ಷೆಯನ್ನು ಹುಸಿ ಮಾಡಿತು: ಫ್ಯಾಕ್ಟರ್ 5 ಲೈಡನ್ ಇದ್ದವರಲ್ಲಿ ಮರುಕಳಿಕೆ ಇಲ್ಲದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಮೊದಲ ಹೆಪ್ಪು ಯಾವುದೇ ಹೊರಕಾರಣವಿಲ್ಲದೆ ಆದದ್ದೋ, ಶಸ್ತ್ರಚಿಕಿತ್ಸೆಯಂಥ ತಾತ್ಕಾಲಿಕ ಕಾರಣದಿಂದ ಆದದ್ದೋ ಎಂಬ ಪ್ರಶ್ನೆಯೇ ವರದಿಗಿಂತ ಹೆಚ್ಚು ಮುನ್ಸೂಚನೆ ಕೊಡುತ್ತಿತ್ತು. ಅದಕ್ಕೇ ಅಮೆರಿಕದ ರಕ್ತರೋಗ ತಜ್ಞರ ಸಂಘ 2013ರಲ್ಲಿ, ದೊಡ್ಡ ತಾತ್ಕಾಲಿಕ ಕಾರಣದಿಂದ ಹೆಪ್ಪಾದ ವಯಸ್ಕರಿಗೆ ಈ ಪರೀಕ್ಷೆ ಬೇಡ ಎಂದು ಸ್ಪಷ್ಟವಾಗಿ ಹೇಳಿತು. ಆದರೆ ಎಲ್ಲ ದೋಷಗಳೂ ಸಮಾನವಲ್ಲ. ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್ ಕೊರತೆ ಅಪರೂಪ, ಆದರೆ ಬಲವಾದದ್ದು. ಹಲವರಿಗೆ ಹೆಪ್ಪಾಗಿರುವ ಇಂಥ ಕುಟುಂಬಗಳಲ್ಲಿ ಕೊರತೆಯಿರುವ ಬಂಧುಗಳಿಗೆ ವರ್ಷಕ್ಕೆ ನೂರಕ್ಕೆ ಒಂದರಿಂದ ಎರಡರಷ್ಟು ಅಪಾಯ ಕಂಡುಬಂದಿದೆ. ಅಲ್ಲಿ ಪರೀಕ್ಷೆಗೆ ಬೆಲೆಯಿದೆ, ಆ ಬೆಲೆ ಬಂದದ್ದು ಕುಟುಂಬದ ಚರಿತ್ರೆ ಮೊದಲೇ ಬಾಗಿಲು ತೋರಿಸಿದ್ದರಿಂದ.

ಭಾರತದ ವಿಷಯಕ್ಕೆ ಬಂದರೆ ವರದಿಯ ಮಿತಿ ಇನ್ನಷ್ಟು ಬಯಲಾಗುತ್ತದೆ. ಫ್ಯಾಕ್ಟರ್ 5 ಲೈಡನ್ ದೋಷ ಇಪ್ಪತ್ತು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಪೂರ್ವಜ ಅಥವಾ ಪೂರ್ವಜೆಯಲ್ಲಿ ಹುಟ್ಟಿ ಅಲ್ಲಿಂದ ಹರಡಿತು ಎಂದು ಸುತ್ತಲಿನ ಡಿಎನ್‌ಎ ಗುರುತುಗಳು ಹೇಳುತ್ತವೆ. ಯುರೋಪಿನಲ್ಲಿ ಅದು ಬೇರೂರಿತು. ಆಫ್ರಿಕಾ ಮತ್ತು ಪೂರ್ವ ಏಷ್ಯಾದ ಮೂಲನಿವಾಸಿಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಭಾರತದಲ್ಲಿ ಅದು ಯುರೋಪಿಗಿಂತ ಬಹಳ ವಿರಳ, ಪ್ರೋಥ್ರಾಂಬಿನ್ ದೋಷವಂತೂ ಇಲ್ಲಿ ಸಿಗುವುದೇ ಕಷ್ಟ. ಜಪಾನಿನಲ್ಲಿ ಲೈಡನ್ ಇಲ್ಲ, ಬದಲಿಗೆ ಪ್ರೋಟೀನ್ ಎಸ್‌ನ ಟೊಕುಶಿಮಾ ಎಂಬ ಅಲ್ಲಿನದೇ ದೋಷವಿದೆ. ಹೀಗಿದ್ದರೂ ನಮ್ಮ ನಗರಗಳ ಪ್ರಯೋಗಾಲಯಗಳು ‘ಥ್ರಾಂಬೋಫಿಲಿಯಾ ಪ್ರೊಫೈಲ್’ ಎಂಬ ಕಟ್ಟಿನಲ್ಲಿ ಯುರೋಪಿನ ಪಟ್ಟಿಯನ್ನೇ ಮಾರುತ್ತವೆ. ಅದರ ಜೊತೆಗೆ ಎಂಟಿಎಚ್‌ಎಫ್‌ಆರ್ ಎಂಬ ವಂಶವಾಹಿಯೂ ಸೇರಿರುವುದುಂಟು. ಅದರ ರೂಪಭೇದಗಳು ಆರೋಗ್ಯವಂತರಲ್ಲೂ ಧಾರಾಳವಾಗಿ ಇರುವುದರಿಂದ ಹೆಪ್ಪಿನ ಸಲುವಾಗಿ ಅದನ್ನು ಪರೀಕ್ಷಿಸಬೇಡಿ ಎಂದು ತಜ್ಞರ ಮಾರ್ಗಸೂಚಿಗಳು ಹೇಳಿ ವರ್ಷಗಳಾದವು. ಪರೀಕ್ಷೆಯ ಹೊತ್ತೂ ಮುಖ್ಯ. ಹೆಪ್ಪಾದ ದಿನಗಳಲ್ಲಿ ಮೂರು ಬ್ರೇಕು ಪ್ರೋಟೀನುಗಳೂ ಖರ್ಚಾಗಿ ಇಳಿದಿರುತ್ತವೆ. ರಕ್ತ ತೆಳುವಾಗಿಸುವ ಹೆಪಾರಿನ್ ಆಂಟಿಥ್ರಾಂಬಿನ್ನನ್ನು ಇಳಿಸುತ್ತದೆ, ಅದೇ ಕೆಲಸದ ವಾರ್ಫರಿನ್ ಸಿ ಮತ್ತು ಎಸ್ ಎರಡನ್ನೂ, ಬಸಿರು ಎಸ್ ಒಂದನ್ನು. ಐಸಿಯುನಲ್ಲಿ ಮಲಗಿದ್ದಾಗ ತೆಗೆದ ರಕ್ತದಲ್ಲಿ ‘ಪ್ರೋಟೀನ್ ಎಸ್ ಕೊರತೆ’ ಎಂದು ಬಂದ ಒಂದು ಸಾಲು, ಇಲ್ಲದ ವಂಶದೋಷವನ್ನು ಒಬ್ಬರ ಹೆಸರಿಗೆ, ಆಮೇಲೆ ಅವರ ಮಕ್ಕಳ ಹೆಸರಿಗೆ ಅಂಟಿಸಿಬಿಡಬಹುದು.

ಹೆಪ್ಪಿನ ಗುಣಕಗಳಲ್ಲಿ ಅತ್ಯಂತ ವ್ಯಾಪಕವಾದದ್ದು ಯಾವ ದುಬಾರಿ ಪ್ರೊಫೈಲ್‌ನಲ್ಲೂ ಸುದ್ದಿಯಾಗುವುದಿಲ್ಲ. ಅದು ರಕ್ತದ ಗುಂಪು. ಹೆಪ್ಪಾದವರಲ್ಲಿ ‘ಓ’ ಗುಂಪಿನವರು ನಿರೀಕ್ಷೆಗಿಂತ ಕಡಿಮೆ ಎಂದು 1969ರಲ್ಲೇ ಗಮನಕ್ಕೆ ಬಂದಿತ್ತು. ‘ಎ’, ‘ಬಿ’, ‘ಎಬಿ’ ಗುಂಪಿನವರ ರಕ್ತದಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಮತ್ತು ಅದರ ಆಸರೆಯಲ್ಲಿರುವ ಫ್ಯಾಕ್ಟರ್ 8 ಹೆಚ್ಚಿರುತ್ತವೆ. ಅವರಿಗೆ ಹೆಪ್ಪಿನ ಅಪಾಯ ‘ಓ’ದವರ ಒಂದೂವರೆಯಿಂದ ಎರಡು ಪಟ್ಟು. ಗುಣಕ ಚಿಕ್ಕದು, ಆದರೆ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದನ್ನು ಹೊತ್ತಿದ್ದಾರೆ. ಚಾಲನಾ ಪರವಾನಗಿಯ ಮೇಲೆ ಅಚ್ಚಾಗಿರುವ ಈ ಅಕ್ಷರವನ್ನು ನೋಡಿ ಯಾರೂ ಗಾಬರಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಲೈಡನ್ ದೋಷವನ್ನೂ ಇದೇ ಸಮಚಿತ್ತದಿಂದ ನೋಡುವುದನ್ನು ಕಲಿಯಬೇಕು. ಈಚಿನ ದೊಡ್ಡ ಜೀನೋಮ್ ಅಧ್ಯಯನಗಳು ಇಂಥ ಸಣ್ಣ ಗುಣಕಗಳನ್ನು ಹತ್ತುಹತ್ತಾಗಿ ಪತ್ತೆ ಮಾಡಿವೆ. ಒಬ್ಬೊಬ್ಬರಲ್ಲೂ ಅವುಗಳ ಬೇರೆ ಬೇರೆ ಜೋಡಣೆ ಇರುತ್ತದೆ. ಒಂದು ವಂಶವಾಹಿಯ ವರದಿ ಈ ಇಡೀ ಮೊತ್ತದಲ್ಲಿ ಒಂದೇ ಅಂಕಿಯನ್ನು ಓದುತ್ತದೆ.

ಇಡೀ ಮೊತ್ತವನ್ನು ಒರಟಾಗಿಯಾದರೂ ಓದುವ ಸಾಧನ ಕುಟುಂಬದ ಚರಿತ್ರೆ. ನೆದರ್‌ಲೆಂಡ್ಸ್‌ನಲ್ಲಿ ಸಾವಿರಾರು ರೋಗಿಗಳನ್ನು ಒಳಗೊಂಡ ಮೆಗಾ ಅಧ್ಯಯನ 2009ರಲ್ಲಿ ತೋರಿಸಿದಂತೆ, ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಹೆಪ್ಪಾಗಿದ್ದರೆ ಅಪಾಯ ಎರಡು ಪಟ್ಟಿಗಿಂತ ಹೆಚ್ಚು, ಒಬ್ಬರಿಗಿಂತ ಹೆಚ್ಚು ಮಂದಿಗೆ ಆಗಿದ್ದರೆ ನಾಲ್ಕು ಪಟ್ಟಿನ ಹತ್ತಿರ. ಗೊತ್ತಿರುವ ದೋಷಗಳು ಪರೀಕ್ಷೆಯಲ್ಲಿ ಸಿಗಲಿ, ಸಿಗದಿರಲಿ, ಚರಿತ್ರೆಯ ಸೂಚನೆ ಹಾಗೆಯೇ ಉಳಿಯಿತು. ಕುಟುಂಬ ಎಂದರೆ ವಂಶವಾಹಿ ಮಾತ್ರವಲ್ಲ, ಒಂದೇ ಅಡುಗೆ, ಒಂದೇ ಮೈಕಟ್ಟು, ಒಂದೇ ಅಭ್ಯಾಸ ಕೂಡ ಅಲ್ಲವೆ ಎಂದು ಕೇಳಬಹುದು. ಸ್ವೀಡನ್ನಿನ ದಾಖಲೆಗಳು ಇದಕ್ಕೆ ಉತ್ತರ ಕೊಟ್ಟಿವೆ. ದತ್ತು ಹೋದವರಲ್ಲಿ ಹೆತ್ತವರ ಹೆಪ್ಪು ಅಪಾಯವನ್ನು ಏರಿಸಿತು, ಸಾಕಿದವರದು ಏರಿಸಲಿಲ್ಲ. ಒಂದೇ ಮನೆಯಲ್ಲಿ ಬಾಳುವ ಗಂಡ ಹೆಂಡತಿಯರ ನಡುವೆಯೂ ಅಪಾಯ ಹಂಚಿಕೆಯಾದದ್ದು ತೀರಾ ಅಲ್ಪ. ಹಂಚಿಕೊಂಡ ಮನೆಗಿಂತ ಹಂಚಿಕೊಂಡ ರಕ್ತವೇ ಇಲ್ಲಿ ಮುಖ್ಯವಾಗಿದೆ.

ನನ್ನ ವಾದಕ್ಕೆ ಇರುವ ಅತಿ ಕಠಿಣ ಆಕ್ಷೇಪ ಬೇರೆಯದು. ನೆನಪು ನಂಬಿಕೆಗೆ ಅರ್ಹವೆ? ನಮ್ಮ ಮನೆಗಳಲ್ಲಿ ಸಾವಿನ ಕಾರಣ ಬಹುಪಾಲು ಸರಿಯಾಗಿ ದಾಖಲಾಗಿಲ್ಲ. ಶಸ್ತ್ರಚಿಕಿತ್ಸೆಯ ಹತ್ತನೇ ದಿನ ಬಚ್ಚಲಿಗೆ ಹೋಗಲು ಎದ್ದು ಕುಸಿದು ಸತ್ತವರನ್ನು ‘ಹಾರ್ಟ್ ಅಟ್ಯಾಕ್’ ಎಂದು ನೆನೆಯುತ್ತೇವೆ, ಅದು ಶ್ವಾಸಕೋಶಕ್ಕೆ ಹೋದ ಹೆಪ್ಪಾಗಿದ್ದಿರಬಹುದು. ಹೆರಿಗೆಯ ಬಳಿಕ ತಲೆನೋವು, ಫಿಟ್ಸ್, ಮಾತು ತೊದಲುವಿಕೆ ಬಂದು ತೀರಿಕೊಂಡ ಹೆಣ್ಣುಮಕ್ಕಳನ್ನು ‘ಬಾಣಂತಿ ಸನ್ನಿ’ಗೆ ಹೋದವರೆಂದು ಹೇಳುತ್ತಾರೆ, ಅವರಲ್ಲಿ ಕೆಲವರಿಗೆ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪಾಗಿದ್ದಿರುವ ಸಾಧ್ಯತೆ ಸಾಕಷ್ಟಿದೆ. ಆಕ್ಷೇಪ ಸರಿಯಾದದ್ದೇ. ಆದರೆ ಅದು ಚರಿತ್ರೆಯನ್ನು ಕೈಬಿಡಲು ಕಾರಣವಲ್ಲ, ಇನ್ನಷ್ಟು ಜಾಣತನದಿಂದ ಕೇಳಲು ಕಾರಣ. ರೋಗದ ಹೆಸರನ್ನು ಕೇಳಿದರೆ ಉತ್ತರ ಸಿಗದು, ಸಂದರ್ಭವನ್ನು ಕೇಳಬೇಕು. ಯಾರಿಗಾದರೂ ಒಂದೇ ಕಾಲು ಊದಿಕೊಂಡು ತಿಂಗಳುಗಟ್ಟಲೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರೆ? ಐವತ್ತರ ಒಳಗೆ, ಹೆರಿಗೆ ಅಥವಾ ಆಪರೇಶನ್ ಆದ ವಾರಗಳಲ್ಲಿ, ಹಠಾತ್ತನೆ ಸತ್ತವರಿದ್ದಾರೆಯೆ? ತಾಯಿಯ ತವರಿನ ಕಡೆಯವರನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸಬೇಕು. ನಾವು ವಂಶ ಎಂದಾಗ ತಂದೆಯ ಮನೆತನವನ್ನು ಎಣಿಸುತ್ತೇವೆ, ಈ ದೋಷಗಳು ಎರಡೂ ಕಡೆಯಿಂದ ಸಮನಾಗಿ ಬರುತ್ತವೆ.

ಬಾಣಂತನದ ಉದಾಹರಣೆ ಕರ್ನಾಟಕಕ್ಕೆ ವಿಶೇಷವಾಗಿ ಸಲ್ಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ಆಗುವ ಹೆಪ್ಪನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಈ ರೋಗಿಗಳಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಹೆಚ್ಚಿರುವುದನ್ನು ಅವರು ಕಂಡರು. ಫೋಲೇಟ್ ಮತ್ತು ಬಿ12 ಜೀವಸತ್ವಗಳು ಕಡಿಮೆಯಾದಾಗ ಅದು ಏರುತ್ತದೆ. ಹೆರಿಗೆಯ ಬಳಿಕ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ, ರಕ್ತಸ್ರಾವದಿಂದ ತಾಯಿಯನ್ನು ಕಾಯುವ ಏರ್ಪಾಡು ಅದು. ಆ ಆರು ವಾರಗಳಲ್ಲಿ ಬಾಣಂತಿಗೆ ನೀರು ಕುಡಿಯಲು ಕೊಡದೆ, ಪಥ್ಯದ ಹೆಸರಿನಲ್ಲಿ ಸೊಪ್ಪು ತರಕಾರಿ ದೂರವಿಟ್ಟು, ಹಾಸಿಗೆ ಬಿಟ್ಟು ಏಳಬೇಡ ಎಂದರೆ ಗುಣಾಕಾರಕ್ಕೆ ಮೂರು ಹೊಸ ಅಂಕಿಗಳನ್ನು ಕೊಟ್ಟಂತೆ. ಅವಳಲ್ಲಿ ವಂಶದ ದೋಷ ಇದೆಯೋ ಇಲ್ಲವೋ ನಮಗೆ ತಿಳಿದಿರುವುದಿಲ್ಲ. ನೀರು, ಊಟ, ನಡಿಗೆ ನಮ್ಮ ಕೈಯಲ್ಲಿವೆ. ವಂಶದ ಗುಣಕವನ್ನು ಅಳಿಸಲಾಗದಿದ್ದರೂ ಅದು ಗುಣಿಸುವ ಸಂಖ್ಯೆಯನ್ನು ಇಳಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ನನ್ನ ವಾದ ಮುರಿದುಬೀಳುವ ಒಂದು ಜಾಗವೂ ಇದೆ. ದೋಷ ತಂದೆ ತಾಯಿ ಇಬ್ಬರಿಂದಲೂ ಬಂದು ಪ್ರೋಟೀನ್ ಸಿ ಪೂರ್ತಿ ಇಲ್ಲವಾದರೆ ಸಂದರ್ಭ ಬೇಕಾಗುವುದಿಲ್ಲ. ಹುಟ್ಟಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮಗುವಿನ ಚರ್ಮದ ಸಣ್ಣ ನಾಳಗಳಲ್ಲೆಲ್ಲ ಹೆಪ್ಪಾಗಿ ಮೈ ಕಪ್ಪಿಡುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಇರುವ ನಮ್ಮ ನಾಡಿನಲ್ಲಿ ಈ ಲೆಕ್ಕ ಗೊತ್ತಿರಬೇಕು. ಸೋದರಮಾವನಲ್ಲಿ ಒಂದು ದೋಷಪ್ರತಿ ಇದ್ದರೆ ಅವನ ಅಕ್ಕನಲ್ಲಿ ಇರುವ ಸಂಭವ ಎರಡಕ್ಕೊಂದು, ಅವಳ ಮಗಳಲ್ಲಿ ನಾಲ್ಕಕ್ಕೊಂದು, ಇಬ್ಬರ ಮಗುವಿಗೆ ಎರಡು ದೋಷಪ್ರತಿ ಬರುವುದು ಹದಿನಾರಕ್ಕೊಂದು. ಸಂಬಂಧವಿಲ್ಲದ ಹೆಣ್ಣನ್ನು ತಂದಿದ್ದರೆ, 500ರಲ್ಲಿ ಒಬ್ಬರಿಗೆ ಈ ದೋಷವಿದೆ ಎಂದಿಟ್ಟುಕೊಂಡರೂ, ಅದು ಎರಡು ಸಾವಿರಕ್ಕೊಂದು. ಹೆಪ್ಪಿನ ಚರಿತ್ರೆ ಇರುವ ಮನೆತನದಲ್ಲಿ ಒಳಸಂಬಂಧದ ಮದುವೆಗೆ ಮುನ್ನ ಪರೀಕ್ಷೆ ಮಾಡಿಸುವುದು ಅತಿರೇಕವಲ್ಲ. ಇಲ್ಲಿಯೂ ಪರೀಕ್ಷೆಗೆ ಕಾರಣ ಒದಗಿಸಿದ್ದು ಚರಿತ್ರೆಯೇ.

ಆದ್ದರಿಂದ ವಂಶದ ಹೆಪ್ಪನ್ನು ತಿಳಿಯುವುದರ ಪ್ರಯೋಜನ ಭವಿಷ್ಯ ಹೇಳುವುದರಲ್ಲಿ ಇಲ್ಲ, ಎಚ್ಚರದ ವಾರಗಳನ್ನು ಆರಿಸಿಕೊಳ್ಳುವುದರಲ್ಲಿ ಇದೆ. ಹತ್ತಿರದ ಬಂಧುವಿಗೆ ಹೆಪ್ಪಾಗಿದೆ ಎಂದು ತಿಳಿದವರು ಬದುಕಿಡೀ ಔಷಧ ನುಂಗಬೇಕಿಲ್ಲ. ರಕ್ತ ತೆಳುವಾಗಿಸುವ ಔಷಧಕ್ಕೆ ರಕ್ತಸ್ರಾವದ ತನ್ನದೇ ಅಪಾಯವಿದೆ, ಸುಮ್ಮನಿರುವ ದೋಷಕ್ಕೆ ಅದನ್ನು ಕೊಡುವುದು ನಷ್ಟದ ವ್ಯಾಪಾರ. ಆದರೆ ಆಪರೇಶನ್ ಟೇಬಲ್ ಹತ್ತುವ ಮೊದಲು, ಈಸ್ಟ್ರೋಜನ್ ಮಾತ್ರೆ ಆರಂಭಿಸುವ ಮೊದಲು, ಬಸಿರಿನ ಮೊದಲ ಭೇಟಿಯಲ್ಲೇ, ಕಾಲಿಗೆ ಪ್ಲಾಸ್ಟರ್ ಬಿದ್ದಾಗ ಆ ಒಂದು ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಆಗ ಕೆಲವು ದಿನಗಳ ಹೆಪಾರಿನ್ ಚುಚ್ಚುಮದ್ದು, ಬೇಗ ಎಬ್ಬಿಸಿ ನಡೆಸುವುದು, ಬೇರೆ ಬಗೆಯ ಗರ್ಭನಿರೋಧಕ, ಹೀಗೆ ಯಾವುದು ತಕ್ಕದ್ದೋ ಅದನ್ನು ಅವರು ಆರಿಸಬಹುದು. ನಮ್ಮ ಆಸ್ಪತ್ರೆಗಳ ದಾಖಲಾತಿ ಕಾಗದದಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ ಮನೆಯಲ್ಲಿ ಯಾರಿಗಾದರೂ ಇದೆಯೇ ಎಂಬ ಪ್ರಶ್ನೆಗಳು ಈಗಾಗಲೇ ಇವೆ. ಅವುಗಳ ಕೆಳಗೆ ಹೆಪ್ಪಿನ ಬಗ್ಗೆ ಒಂದು ಸಾಲು ಸೇರಿಸಲು ಪ್ರಯೋಗಾಲಯ ಬೇಕಿಲ್ಲ, ಹಣವೂ ಬೇಕಿಲ್ಲ. ಅಲ್ಲಿಯವರೆಗೆ ಯಾರೂ ಕೇಳದಿದ್ದರೂ ನಾವೇ ಹೇಳುವ ರೂಢಿ ಮಾಡಿಕೊಳ್ಳಬೇಕು.